ನಾಲ್ಕನೆಯ ಸರದಿಯೊಳಗೆ

ಪೆಲೋಟಸ್ಸಿನ ಮಿಠಾಯಿ ಅಂಗಡಿಯ ಮಹಡಿಯಲ್ಲಿ
ಶುಕ್ರವಾರ ರಾತ್ರಿ ನೇಯ್ವಾ ಮೇಜು ಹಾಕುತ್ತಾಳೆ.
ಜುಲೈ ತಿಂಗಳ ಚಳಿ. ಕೆಳಗಿಂದ
ಮೊಟ್ಟೆ, ಸಕ್ಕರೆ ಕುದಿಯುವ ವಾಸನೆ.
ಹೆಲ್ಮೆಟ್ಟನ್ನು ಕುರ್ಚಿಯಡಿಗೆ ತಳ್ಳಿ ಕೂತೆ.
ಎದುರಿಗೆ ವಲ್ಮೋರ್, ಕಟ್ಟುಹಲ್ಲು ಮಾಡುವವನು,
ಉಗುರಲ್ಲಿ ಇನ್ನೂ ಗುಲಾಬಿ ಮೇಣ.

ನನ್ನದು ಅರವತ್ತು ಎಲೆಯ ಕೆಂಪು ಕಟ್ಟು.
ಅದರಲ್ಲಿ ಗುಟ್ಟಿಲ್ಲ.
ಅಗ್ಗದ ಕಿಡಿಗೇಡಿಗಳು, ಇಲಿಸವಾರರು,
ಹುಟ್ಟಿದ ಗಳಿಗೆಯೇ ಓಡುವ ಬೆಂಕಿಮರಿಗಳು.
ಇಪ್ಪತ್ತು ಅಂಕದ ಜೀವ ನಿನ್ನದು, ವಲ್ಮೋರ್,
ನಾಲ್ಕು ಸರದಿಯೊಳಗೆ ಅದು ಮುಗಿಯಬೇಕು.
ಪಿಜ್ಜಾ ಆರುವ ಮೊದಲು ಬಾಗಿಲು ತಟ್ಟುವವಳಿಗೆ
ಬೇರೆ ಲೆಕ್ಕ ಬರುವುದಿಲ್ಲ.

ಅವನ ದಾರಿ ಬೇರೆ.
ಮೊದಲು ಒಂದು ಖಾಲಿ ಬಟ್ಟಲು ಇಟ್ಟ.
ಆಮೇಲೆ ಕನ್ನಡಿಬಾವಿ. ಅದನ್ನು ತೋಡಿದ ಬೆಲೆಗೆ
ಕೈಯಲ್ಲಿದ್ದ ಕುರುಡುಗಿರಣಿಯನ್ನು ಮಸಣಕ್ಕೆ ಎಸೆದ.
ಹೊಡೆಯುವುದಿಲ್ಲ, ತಡೆಯುವುದಿಲ್ಲ,
ಪೆಟ್ಟು ತಿನ್ನುತ್ತ ಎಲೆ ಎಳೆಯುತ್ತಾನೆ.
ಹದಿನೆಂಟು. ಹದಿಮೂರು. ಐದು.
ಇಪ್ಪತ್ತು ಮುಖದ ದಾಳವನ್ನು ತಿರುಗಿಸುತ್ತಾನೆ,
ಯಾರದೋ ಮನೆಯ ಬಾಡಿಗೆ ಬರೆದುಕೊಂಡಂತೆ.
ತಾಳಿದವನು ಬಾಳಿಯಾನು ಎನ್ನುತ್ತಾರೆ.
ತಾಳುವುದಕ್ಕೆ ಪುರಸೊತ್ತು ಕೊಡದಿರುವುದು
ನನ್ನ ಕಸುಬು.

ಈಗ ಅವನ ಮೂರನೆಯ ಸರದಿ.
ಬಟ್ಟಲು ಬಗ್ಗಿಸಿದ, ನೀರು ಬಾವಿಗೆ.
ಬಾವಿಯ ಕನ್ನಡಿ ಒಂದನ್ನು ಎರಡು ಮಾಡಿತು.
ಎರಡನ್ನು ಮಾರಿ ಎಲೆ ಎಳೆದ, ಎಲೆ ಕೊಟ್ಟು ನೀರು ತಂದ,
ಮತ್ತೆ ಬಗ್ಗಿಸಿದ.
ಪಕ್ಕದ ಮೇಜಿನವರು ಎದ್ದು ಬಂದರು.
ನೇಯ್ವಾ ಕಾಫಿ ತಂದಳು, ಅದು ಆರಿತು.
ಹನ್ನೊಂದು ನಿಮಿಷ.
ಕೈಕಟ್ಟಿ ಕೂತು ನೋಡಿದೆ,
ನನ್ನನ್ನು ಕಚ್ಚಲಿರುವ ದವಡೆ
ಒಂದೊಂದೇ ಹಲ್ಲಾಗಿ ಕೂಡಿಕೊಳ್ಳುವುದನ್ನು.

ಸುಳ್ಳೇಕೆ, ಚೆಂದವಿತ್ತು.

ಆಮೇಲೆ ಅವನ ಬೆರಳು ನಿಂತಿತು.
ಒಂದು ಹಲ್ಲು ಕಮ್ಮಿ.
ತುಟಿಯಲ್ಲೇ ಎಣಿಸಿದ, ಹಿಂದಿನಿಂದ ಎಣಿಸಿದ,
ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ.
ನನಗೆ ಕಂಡಿತು.

ಬಟ್ಟಲನ್ನು ಒಡೆಯಬೇಕು.
ಒಡೆದ ಚೂರನ್ನು ಬಾವಿಗೆ ಹಾಕಿದರೆ
ಕನ್ನಡಿ ಮಸಣದೊಳಕ್ಕೂ ನೋಡುತ್ತದೆ,
ಗಿರಣಿ ಎದ್ದು ಕೂರುತ್ತದೆ,
ನನ್ನ ಕಟ್ಟು ಪೂರಾ ಹಿಟ್ಟು.
ಎಲೆಯ ಮೇಲೇ ಬರೆದಿದೆ, ಇರುವೆಸಾಲಿನ ಅಕ್ಷರದಲ್ಲಿ.
ಅವನು ಜೋಡಿಸುವವನು, ಆ ಸಾಲು ಓದಲಿಲ್ಲ.
ನಾನು ಒಡೆಯುವವಳು,
ನನ್ನ ಕಣ್ಣು ಹೋದದ್ದೇ ಅಲ್ಲಿಗೆ.

ಹೇಳಬೇಕೆಂದು ನಿಯಮವಿಲ್ಲ.
ಆರಿದ ಕಾಫಿ ಕುಡಿದೆ.
ಕೈಯಲ್ಲಿ ಸಿಡಿಲಕುಡಿಯ ಎಲೆ ಬೆವರಿತ್ತು.
ಅವನು ಬಾವಿ, ಬಟ್ಟಲು ಎಲ್ಲ ಗುಡ್ಡೆ ಮಾಡಿ,
"ಆಯಿತು ದರ್ಸಿ, ನಿನ್ನದೇ" ಎಂದು ಕೈ ಚಾಚಿದ.
ಮೇಣದ ಬೆರಳು ಬೆಚ್ಚಗಿತ್ತು.
ಗೆದ್ದವರಿಗೆ ಒಂದು ಪೊಟ್ಟಣ ಹೊಸ ಎಲೆ.
ಬಿಚ್ಚಲಿಲ್ಲ.

ಹನ್ನೊಂದೂವರೆಗೆ, ಬೆನ್ನಿನ ಪೆಟ್ಟಿಗೆಯಲ್ಲಿ
ಯಾರದೋ ಬಿಸಿ ಊಟ,
ಕೆಂಪು ದೀಪದ ಕೆಳಗೆ ನಿಂತಾಗ ಫೋನು ಮಿನುಗಿತು:
"ಬಟ್ಟಲು ಒಡೆಯಬೇಕಿತ್ತು, ಅಲ್ಲವಾ?"
ಅದರ ಬೆನ್ನಿಗೇ,
"ನಿನಗೆ ಕಂಡಿತ್ತಾ?"

ಕಂಡಿತ್ತು ಅಂದರೆ ಒಂದು.
ಇಲ್ಲ ಅಂದರೆ ಅದಕ್ಕೊಂದು, ಅದರ ಮೇಲೊಂದು,
ಮುಂದಿನ ಶುಕ್ರವಾರಕ್ಕೆ ಇನ್ನೊಂದು.

ದೀಪ ಹಸಿರಾಯಿತು.
ಹಿಂದಿನ ಕಾರು ಎರಡು ಸಲ ಹಾರ್ನು ಹೊಡೆಯಿತು.
ನಾನು ಇನ್ನೂ ಎಣಿಸುತ್ತಿದ್ದೆ.